ಖಾಲಿ ಬಿಟ್ಟ ಕಾಲಂ

ಸಂಸ್ಥೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಿರ್ದೇಶಕಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಫಾರಂ ಅಕ್ಕ. ಇಪ್ಪತ್ತೆರಡು ವರ್ಷಗಳಿಂದ ರಟ್ಟಿನ ಪ್ಯಾಡಿಗೆ ಫಾರಂ ಸಿಕ್ಕಿಸಿಕೊಂಡು, ಅದನ್ನು ಎದೆಗವಚಿ ಮನೆಮನೆಯ ಮೆಟ್ಟಿಲು ಹತ್ತಿದವಳು. ಜನ ದಿನಕ್ಕೆ ಎಷ್ಟು ಬಕೆಟ್ ನೀರು ಖರ್ಚು ಮಾಡುತ್ತಾರೆ, ವಯಸ್ಸಾದವರು ವಾರದಲ್ಲಿ ಎಷ್ಟು ಜನರ ಜೊತೆ ಮಾತಾಡುತ್ತಾರೆ, ಮನೆ ಮುಂದೆಯೇ ಬಸ್ಸು ನಿಂತರೂ ಸ್ಕೂಟರ್ ಯಾಕೆ ಹತ್ತುತ್ತಾರೆ, ಹೀಗೆ ಸಮಾಜದ ಬಗ್ಗೆ ಆ ಸಂಸ್ಥೆ ಏನೇನು ತಿಳಿದುಕೊಳ್ಳಲು ಹೊರಟಿತೋ ಅದನ್ನೆಲ್ಲ ಬಾಗಿಲು ತಟ್ಟಿ ಕೇಳಿಕೊಂಡು ಬಂದವಳು ಅವಳೇ.

ಕೆಲಸ ಅವಳಿಗೆ ಕರಗತವಾಗಿತ್ತು. ಬೆಲ್ಲನ್ನು ಒಂದೇ ಸಲ ಒತ್ತಬೇಕು. ಒತ್ತಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಗುರುತಿನ ಚೀಟಿ ಕಾಣುವ ಹಾಗೆ ಓರೆಯಾಗಿ ನಿಲ್ಲಬೇಕು. ಹೊಸ್ತಿಲ ಬಳಿಯ ಚಪ್ಪಲಿಗಳನ್ನು ಕಣ್ಣಲ್ಲೇ ಎಣಿಸಿಕೊಂಡರೆ ಮನೆಯಲ್ಲಿ ಎಷ್ಟು ಜನರಿದ್ದಾರೆಂಬುದು ಅರ್ಧ ಗೊತ್ತಾದ ಹಾಗೆ. ಯಾರಾದರೂ "ಗೊತ್ತಿಲ್ಲ" ಅಂದರೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಸುಮ್ಮನಿರಬೇಕು. ನಾಲ್ಕಕ್ಕೋ ಐದಕ್ಕೋ ಗೊತ್ತಿರುವುದು ಹೊರಗೆ ಬರುತ್ತದೆ. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಕಲಿಸಿದವಳು ಅವಳು. ಸಂಸ್ಥೆಯ ಗೋಡೆ ಮೇಲೆ ಅವಳ ಫೋಟೋ ಇರಲಿಲ್ಲ, ಅಚ್ಚಾದ ವರದಿಗಳ ಮೇಲೆ ಹೆಸರೂ ಇರಲಿಲ್ಲ. ಆದರೆ "ಅಕ್ಕನ ಫಾರಂ ಆದ್ರೆ ಕಣ್ಣು ಮುಚ್ಕೊಂಡು ನಂಬಬಹುದು" ಎಂದು ಎಲ್ಲರೂ ಹೇಳುತ್ತಿದ್ದರು. ಆ ಒಂದು ಮಾತೇ ಅವಳಿಗೆ ಊಟ, ಅದೇ ನಿದ್ದೆ.

ಆ ವರ್ಷ ಬಂದ ಕೆಲಸ ಕಸದ್ದು. ನಗರದ ಒಂದು ಬಡಾವಣೆಯಲ್ಲಿ ಐದು ಅಂತಸ್ತಿನ ಎಂಟು ಕಟ್ಟಡಗಳಿದ್ದವು. ಪ್ರತಿ ಮನೆಗೂ ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಕೊಟ್ಟು ವರ್ಷವಾಗಿತ್ತು. ಬುಟ್ಟಿ ಕೊಟ್ಟರೂ ಬುದ್ಧಿ ಬದಲಾಗಿದೆಯೇ, ಆಗಿಲ್ಲವಾದರೆ ಯಾಕೆ, ನಿಯಮ ಮಾಡುವಾಗ ಯಾರನ್ನು ಕೇಳಿದರು, ಯಾರನ್ನು ಬಿಟ್ಟರು ಎಂಬುದನ್ನು ಕಂಡುಹಿಡಿಯಬೇಕಿತ್ತು. ಮೊದಲ ಸುತ್ತು ಫಾರಂ ಅಕ್ಕನೇ ಮಾಡಿದಳು. ನೂರಕ್ಕೆ ತೊಂಬತ್ತು ಮನೆಯವರು ಕಸ ಬೇರ್ಪಡಿಸುತ್ತೇವೆ ಎಂದಿದ್ದರು. ಕಸದ ಲಾರಿಯಲ್ಲಿ ಸಿಕ್ಕಿದ್ದು ಮಾತ್ರ ಕಲಸುಮೇಲೋಗರ.

"ಲಾರಿಯವರೇ ಬೆರೆಸ್ತಾರೆ ಮೇಡಂ. ಜನ ಪಾಪ ಸರಿಯಾಗೇ ಮಾಡ್ತಿದ್ದಾರೆ," ಎಂದಳು ಫಾರಂ ಅಕ್ಕ.

ನಿರ್ದೇಶಕಿ ಪೆನ್ನಿನ ತುದಿ ಕಚ್ಚಿಕೊಂಡು ಕೂತರು. ಅವರಿಗೆ ಫಾರಂ ಅಕ್ಕನಿಗಿಂತ ಐದಾರು ವರ್ಷ ಕಡಿಮೆ ವಯಸ್ಸು; ಮಾತು ಕಮ್ಮಿ, ಯೋಚನೆ ಜಾಸ್ತಿ. "ಎಲ್ಲರನ್ನೂ ಒಳಗೊಳ್ಳಬೇಕು ಅಂತ ಊರಿಗೆಲ್ಲ ಹೇಳೋ ನಾವು, ನಮ್ಮ ತಂಡಕ್ಕೆ ಯಾರನ್ನ ಒಳಗೆ ಬಿಟ್ಕೊಂಡಿದ್ದೀವಿ ಅಕ್ಕಾ?" ಎಂದರು.

ಮುಂದಿನ ಸೋಮವಾರ ಗಾಡಿಯಮ್ಮ ಬಂದಳು.

ಲಾರಿ ಬರುವುದಕ್ಕೆ ಮುಂಚೆ ಅದೇ ಬಡಾವಣೆಯಲ್ಲಿ ಹನ್ನೊಂದು ವರ್ಷ ಕಸದ ಗಾಡಿ ತಳ್ಳಿದವಳು ಅವಳು. ಲಾರಿ ಬಂದಮೇಲೆ ಗಾಡಿ ಹೋಯಿತು, ಹೆಸರು ಮಾತ್ರ ಉಳಿಯಿತು. ಮೂವತ್ತೆಂಟರ ಆಸುಪಾಸು, ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ದನಿ. ಏಳನೇ ತರಗತಿಗೆ ಓದು ನಿಲ್ಲಿಸಿದವಳು ಬರೆಯಲು ಕೂತರೆ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಒಂದೊಂದು ಅಕ್ಷರವನ್ನೂ ಕಲ್ಲಿನಲ್ಲಿ ಕೆತ್ತಿದ ಹಾಗೆ ಒತ್ತಿ ಬರೆಯುತ್ತಿದ್ದಳು. ಅವಳು ನಕ್ಕರೆ ಪಕ್ಕದ ಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದವರು ತಲೆಯೆತ್ತಿ ತಾವೂ ಸುಮ್ಮನೆ ನಗುತ್ತಿದ್ದರು.

"ಅಕ್ಕನ ಜೊತೆ ಇದ್ದು ಕಲ್ತ್ಕೊಳಮ್ಮ," ಎಂದರು ನಿರ್ದೇಶಕಿ.

"ಅಕ್ಕ ಬೈದ್ರೂ ಕಲೀತೀನಿ, ಹೊಡೆದ್ರೂ ಕಲೀತೀನಿ," ಎಂದಳು ಗಾಡಿಯಮ್ಮ.

ಫಾರಂ ಅಕ್ಕ ಮುಗುಳ್ನಕ್ಕಳು. ಕಲಿಸಲು ಅವಳಿಗೇನೂ ಬೇಸರವಿರಲಿಲ್ಲ. ಕಲಿಯುವವರು ತನಗಿಂತ ಕೆಳಗಿರುವವರೆಗೆ ಕಲಿಸುವುದು ಯಾರಿಗೂ ಬೇಸರವಲ್ಲ.

ಮೊದಲ ದಿನವೇ ಹೊಟ್ಟೆಯೊಳಗೆ ಒಂದು ಕಿಡಿ ಬಿತ್ತು. ಇಬ್ಬರೂ ಮೂರನೇ ಕಟ್ಟಡದ ಬಾಗಿಲಲ್ಲಿದ್ದಾಗ ಮೇಲಿನ ಕಿಟಕಿಯಿಂದ ಒಬ್ಬಳು ಕೂಗಿದಳು: "ಏನೇ ಗಾಡಿಯಮ್ಮ! ಎಲ್ಲಿ ಹಾಳಾಗಿ ಹೋಗಿದ್ದೆ? ಬಾ ಮೇಲೆ!" ಇನ್ನೊಂದು ಕಿಟಕಿ ತೆರೆಯಿತು, ಮತ್ತೊಂದು ತೆರೆಯಿತು. ಫಾರಂ ಅಕ್ಕ ಆ ಕಟ್ಟಡಕ್ಕೆ ಬೇರೆ ಬೇರೆ ಸಮೀಕ್ಷೆಗಳಿಗಾಗಿ ಏಳು ಸಲ ಬಂದಿದ್ದಳು. ಒಂದು ಕಿಟಕಿಯೂ ಅವಳಿಗಾಗಿ ತೆರೆದಿರಲಿಲ್ಲ. ಬೆಲ್ ಒತ್ತಿದ ಮೇಲೆ ಬಾಗಿಲು ತೆರೆಯುತ್ತಿತ್ತು, ಅಷ್ಟೇ.

ನಾಲ್ಕನೇ ಅಂತಸ್ತಿನಲ್ಲಿ ಒಬ್ಬಂಟಿ ಅಜ್ಜಿಯೊಬ್ಬರಿದ್ದರು. ಮೊದಲ ಸುತ್ತಿನಲ್ಲಿ ಫಾರಂ ಅಕ್ಕನಿಗೆ ಅವರು ಹೇಳಿದ್ದು "ಎಲ್ಲ ಸರಿಯಾಗಿದೆಯಮ್ಮ, ನಿಯಮ ಅಂದ್ರೆ ನಿಯಮ." ಈಗ ಗಾಡಿಯಮ್ಮನನ್ನು ಕಂಡದ್ದೇ ತಡ ಕೈ ಹಿಡಿದು ಒಳಗೆ ಎಳೆದುಕೊಂಡರು. ಗಾಡಿಯಮ್ಮ ಕುರ್ಚಿ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೆ ಕೂತು, "ಮಂಡಿ ಹೇಗಿದೆ ಅಜ್ಜಿ?" ಎಂದಳು. ಪ್ರಶ್ನಾವಳಿಯಲ್ಲಿ ಮಂಡಿಯ ಪ್ರಶ್ನೆಯೇ ಇರಲಿಲ್ಲ.

"ಮಂಡಿ ಎಲ್ಲಿದೆ, ಹೋಯ್ತು," ಎಂದರು ಅಜ್ಜಿ. "ಬೆಳಿಗ್ಗೆ ಆರರಿಂದ ಏಳರೊಳಗೆ ಹಸಿ ಕಸ ಕೆಳಗೆ ತರಬೇಕಂತೆ. ನಾಲ್ಕು ಮಹಡಿ ಇಳಿದು ಹತ್ತೋದು ಯಾರು? ನಾನು ಎಲ್ಲ ಒಂದೇ ಪೊಟ್ಟಣ ಕಟ್ಟಿ ಎದುರುಮನೆಯವರ ನೀಲಿ ಬುಟ್ಟೀಲಿ ಮೆಲ್ಲಗೆ ಹಾಕ್ತೀನಿ. ಅವರಿಗೆ ಗೊತ್ತು. ಗೊತ್ತಿಲ್ಲದ ಹಾಗೆ ಇದ್ದಾರೆ, ಪುಣ್ಯಾತ್ಮರು."

"ಬಿಲ್ಡಿಂಗಿನೋರ ಮೀಟಿಂಗಲ್ಲಿ ಹೇಳಬಾರದಿತ್ತಾ?"

"ಮೀಟಿಂಗ್ ಮಾಡೋದು ಎಲ್ಲಿ? ತಾರಸಿ ಮೇಲೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಾರಂ ಅಕ್ಕ ಬಾಗಿಲ ಬಳಿ ಪ್ಯಾಡ್ ಹಿಡಿದು ನಿಂತೇ ಇದ್ದಳು. ಕೂತುಕೋ ಎನ್ನಲು ಅಜ್ಜಿಗೆ ನೆನಪಾಗಲಿಲ್ಲ.

ಶುಕ್ರವಾರದ ಸಭೆಯಲ್ಲಿ ನಿರ್ದೇಶಕಿ ಗಾಡಿಯಮ್ಮ ತುಂಬಿದ್ದ ಅಜ್ಜಿಯ ಫಾರಂ ತೆಗೆದು ಎಲ್ಲರೆದುರು ಜೋರಾಗಿ ಓದಿದರು. ತಾರಸಿಯ ಮಾತಿಗೆ ಕೋಣೆಯೆಲ್ಲ ನಕ್ಕಿತು. "ನೋಡಿ, ಇದು ಸಂಶೋಧನೆ," ಎಂದರು ನಿರ್ದೇಶಕಿ. ಫಾರಂ ಅಕ್ಕನ ಕಿವಿಯ ಹಾಲೆ ಬಿಸಿಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಸಾವಿರಾರು ಫಾರಂಗಳು ಆ ಮೇಜಿನ ಮೇಲೆ ಹಾದುಹೋಗಿದ್ದವು. ಒಂದನ್ನಾದರೂ ಯಾರೂ ಓದಿ ಹೇಳಿರಲಿಲ್ಲ. ಎಣಿಸಿದ್ದರು, ಕಟ್ಟು ಕಟ್ಟಿ ಇಟ್ಟಿದ್ದರು.

ಅಲ್ಲಿಂದ ಮುಂದೆ ಗಾಡಿಯಮ್ಮ ಮಾಡಿದ್ದೆಲ್ಲ ಅವಳ ಕಣ್ಣಿಗೆ ಖಾರ. ಗಾಡಿಯಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೂ ಉರಿ, ಆ ಕುರ್ಚಿಯನ್ನು "ಅಕ್ಕಾ, ನೀವು ಕೂತ್ಕೊಳಿ" ಎಂದು ಬಿಟ್ಟುಕೊಟ್ಟರೆ ಇನ್ನೂ ಉರಿ. ಲೆಕ್ಕದ ಕೋಣೆಯವರು ಚಹಾದ ಹೊತ್ತಿಗೆ ಮೊದಲು ಗಾಡಿಯಮ್ಮನನ್ನು ಕರೆದರು. ಫಾರಂ ಅಕ್ಕ ಆ ದಿನ ಚಹಾ ಬೇಡವೆಂದಳು, ಮರುದಿನವೂ ಬೇಡವೆಂದಳು, ಮೂರನೇ ದಿನ ಯಾರೂ ಕೇಳಲೇ ಇಲ್ಲ.

ಮನೆಯಲ್ಲಿ ಗಂಡ ದರ್ಜಿ. ಹೊಲಿಗೆ ಯಂತ್ರ ಇದ್ದದ್ದು ಮುಂದಿನ ಕೋಣೆಯಲ್ಲೇ. ಹೆಂಡತಿ ಬಂದು ಚೀಲ ಎಸೆಯುವ ಸದ್ದಿನಲ್ಲೇ ಅವನಿಗೆ ಆ ದಿನದ ಹವಾಮಾನ ತಿಳಿಯುತ್ತಿತ್ತು.

"ಅವಳ ಅಕ್ಷರ ನೋಡ್ಬೇಕು ನೀವು. ಇರುವೆ ಶಾಯಿಯಲ್ಲಿ ಬಿದ್ದು ಓಡಾಡಿದ ಹಾಗೆ," ಎಂದಳು.

"ಓದೋಕಾಗುತ್ತಾ?"

"ಆಗುತ್ತೆ. ಆದ್ರೂ."

"ಆದ್ರೂ ಅನ್ನೋದಕ್ಕೆ ಒಂದು ಗುಂಡಿ ಹೊಲೀಲಾ?" ಎಂದು ಅವನು ಸೂಜಿಗೆ ದಾರ ಪೋಣಿಸಿದ. ಅವಳು ಅವನ ಮೇಲೂ ಮುನಿಸಿಕೊಂಡು ಒಳಗೆ ಹೋದಳು.

ತಿಂಗಳು ತುಂಬಿದಾಗ ಮರುತಪಾಸಣೆಯ ಸರದಿ ಬಂತು. ಹೊಸಬರು ನಿಜವಾಗಿ ಮನೆಗೆ ಹೋಗಿದ್ದಾರೋ, ಮರದ ಕೆಳಗೆ ಕೂತು ಫಾರಂ ತುಂಬಿದ್ದಾರೋ ನೋಡಲು, ಹಿರಿಯರೊಬ್ಬರು ಕೆಲವು ಮನೆಗಳಿಗೆ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳುತ್ತಾರೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಫಾರಂ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸಿ ವಿಚಾರಣೆ. ನಿಯಮ ಬರೆದದ್ದು ಫಾರಂ ಅಕ್ಕನೇ. ಗಾಡಿಯಮ್ಮನ ಹನ್ನೆರಡು ಮನೆಗಳನ್ನು ಚೀಟಿ ಎತ್ತಿ ಆರಿಸಿದರು. ಹೊರಡುವಾಗ ಅವಳು ತಪ್ಪು ಹುಡುಕಲು ಹೊರಟಿದ್ದೇನೆ ಎಂದು ತನಗೆ ತಾನು ಹೇಳಿಕೊಳ್ಳಲಿಲ್ಲ. ಆದರೆ ಹೆಜ್ಜೆ ಎಂದಿಗಿಂತ ಚುರುಕಾಗಿತ್ತು.

ಮೊದಲ ಮನೆಯಲ್ಲೇ ಸಿಕ್ಕಿತು. ಗಾಡಿಯಮ್ಮನ ಫಾರಂನಲ್ಲಿ "ಬೇರ್ಪಡಿಸುವುದಿಲ್ಲ" ಎಂದಿತ್ತು. ಬಾಗಿಲು ತೆರೆದ ಗೃಹಿಣಿ, "ಅಯ್ಯೋ, ದಿನಾ ಬೇರ್ಪಡಿಸ್ತೀವಲ್ಲ!" ಎಂದಳು. ಎರಡನೇ ಮನೆಯೂ ಹಾಗೇ. ಮೂರನೆಯದು ಒಬ್ಬ ನಿವೃತ್ತ ಮೇಷ್ಟರ ಮನೆ; ಅವರು ಭೂಮಿಯ ಭವಿಷ್ಯದ ಬಗ್ಗೆ ಹತ್ತು ನಿಮಿಷ ಪಾಠ ಮಾಡಿ, ತಮ್ಮ ಮನೆಯ ಬುಟ್ಟಿಗಳು ಆದರ್ಶವೆಂದರು. ಹನ್ನೆರಡರಲ್ಲಿ ಒಂಬತ್ತು ತಾಳೆಯಾಗಲಿಲ್ಲ. ಪ್ರತಿ ಸಲ "ಇಲ್ಲ" ಇದ್ದ ಕಡೆ "ಹೌದು" ಎಂದು ಗುರುತು ಹಾಕುವಾಗ ಅವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಹಿತವಾಗುತ್ತಿತ್ತು.

ಆದರೆ ಕಣ್ಣು ಎಂಬುದೊಂದಿತ್ತಲ್ಲ. ಗೃಹಿಣಿಯ ಹಸಿರು ಬುಟ್ಟಿಯಲ್ಲಿ ಈರುಳ್ಳಿ ತುಂಬಿಟ್ಟಿದ್ದರು. ಎರಡನೇ ಮನೆಯಲ್ಲಿ ಅದು ಛತ್ರಿ ನಿಲ್ಲಿಸುವ ಬುಟ್ಟಿಯಾಗಿತ್ತು. ಮೇಷ್ಟರ ಮನೆಯದಕ್ಕೆ ಕಂಪನಿಯ ಚೀಟಿ ಕೂಡ ಕಿತ್ತಿರಲಿಲ್ಲ. ಬುಟ್ಟಿ ಹುಟ್ಟಿದ ದಿನ ಹೇಗಿತ್ತೋ ಹಾಗೇ ಫಳಫಳ ಹೊಳೆಯುತ್ತಿತ್ತು. ಫಾರಂನ ಕೊನೆಯಲ್ಲಿ ಒಂದು ಕಾಲಂ ಇರುತ್ತದೆ: "ಕಣ್ಣಾರೆ ಕಂಡದ್ದು". ಮನೆಯವರು ಏನೇ ಹೇಳಲಿ, ಹೋದವಳು ಕಂಡದ್ದನ್ನು ಅಲ್ಲಿ ಬರೆಯಬೇಕು. ಆ ಕಾಲಂ ಖಾಲಿ ಬಿಟ್ಟ ಹೊಸಬರಿಗೆ ಅವಳು ಮೈ ಚಳಿ ಬಿಡಿಸಿ ಬೈಯುತ್ತಿದ್ದಳು.

ಮೊದಲ ಮನೆಯ ಮೆಟ್ಟಿಲಲ್ಲಿ ನಿಂತು ಅವಳು ಪೆನ್ನನ್ನು ಆ ಕಾಲಂ ಮೇಲೆ ಇಟ್ಟಳು. ಈರುಳ್ಳಿ ಎಂದು ಬರೆದರೆ ಗೃಹಿಣಿಯ ಮಾತು ಸುಳ್ಳಾಗುತ್ತದೆ, ಗಾಡಿಯಮ್ಮನ ಫಾರಂ ನಿಜವಾಗುತ್ತದೆ. ಪೆನ್ನಿನ ಮುಚ್ಚಳ ಹಾಕಿದಳು. ಹನ್ನೆರಡು ಫಾರಂಗಳಲ್ಲೂ ಆ ಜಾಗ ಬಿಳಿಯಾಗಿಯೇ ಉಳಿಯಿತು. ಒಂದೇ ಒಂದು ಸುಳ್ಳನ್ನೂ ತಾನು ಬರೆದಿಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡಳು.

ನಿರ್ದೇಶಕಿ ಫಾರಂಗಳನ್ನು ಎರಡು ಸಲ ತಿರುವಿ ಹಾಕಿದರು. "ಒಂಬತ್ತು? ಅಕ್ಕಾ, ನಿಮಗೇನನ್ಸುತ್ತೆ?"

"ನಾನೇನು ಹೇಳ್ಲಿ ಮೇಡಂ. ಕಾಗದದಲ್ಲಿ ಇರೋದೇ ಇದೆಯಲ್ಲ."

ಬೇರೆ ಯಾರಾದರೂ ತಂದಿದ್ದರೆ ನಿರ್ದೇಶಕಿ ಇನ್ನೆರಡು ಪ್ರಶ್ನೆ ಕೇಳುತ್ತಿದ್ದರೇನೋ. ಇದು ಅಕ್ಕನ ಫಾರಂ. ಮನಸ್ಸಿಲ್ಲದ ಮನಸ್ಸಿನಿಂದ ಗಾಡಿಯಮ್ಮನ ಕೆಲಸ ನಿಲ್ಲಿಸಿದರು.

ಗಾಡಿಯಮ್ಮ ಜಗಳಕ್ಕೆ ಬರುತ್ತಾಳೆ ಎಂದು ಫಾರಂ ಅಕ್ಕ ಸೆರಗು ಬಿಗಿದು ಕೂತಿದ್ದಳು. ಅವಳು ಬಂದದ್ದು ಒಂದು ಕಾಪಿ ಪುಸ್ತಕ ಹಿಡಿದುಕೊಂಡು. ಒಳಗೆ ಪುಟಗಟ್ಟಲೆ ಒಂದು, ಎರಡು, ಹೌದು, ಇಲ್ಲ ಎಂದು ತಿದ್ದಿ ತಿದ್ದಿ ಬರೆದಿದ್ದಳು.

"ಅಕ್ಕಾ, ಎಲ್ಲಿ ತಪ್ಪಿದೆ ಅಂತ ತೋರಿಸಿ. ಕೇಳೋದು ಸರಿಯಾಗೇ ಕೇಳಿದ್ದೆ. ಬರೆಯೋವಾಗ 'ಹೌದು' ಇರೋ ಕಡೆ 'ಇಲ್ಲ'ಕ್ಕೆ ಗುರುತು ಹಾಕ್ಬಿಟ್ನೇನೋ. ನನ್ನ ಕೈಬರಹದ ಮೇಲೆ ನನಗೇ ನಂಬಿಕೆ ಇಲ್ಲ."

ನಗುವಿಲ್ಲದ ಆ ಮುಖವನ್ನು ಫಾರಂ ಅಕ್ಕ ನೋಡಿದ್ದು ಅದೇ ಮೊದಲು. ಆಗಲೇ ಹೇಳಬಹುದಿತ್ತು. ಆದರೆ ಬಾಯಿಂದ ಬಂದ ಮಾತೇ ಬೇರೆ. "ಬರೆಯೋವಾಗ ಗಮನ ಇರಬೇಕು ಕಣಮ್ಮ. ಇದು ಕಸ ಗುಡಿಸಿದ ಹಾಗಲ್ಲ."

ಗಾಡಿಯಮ್ಮ ತಲೆಯಾಡಿಸಿ ಪುಸ್ತಕ ಮಡಚಿಕೊಂಡು ಹೋದಳು.

ಉಳಿದ ಮನೆಗಳು ಫಾರಂ ಅಕ್ಕನ ಪಾಲಿಗೆ ಬಂದವು. ಚಹಾದ ಹೊತ್ತಿಗೆ ಮತ್ತೆ ಅವಳನ್ನು ಕರೆಯತೊಡಗಿದರು. ಹೋದಲ್ಲೆಲ್ಲ "ಎಲ್ಲ ಸರಿಯಾಗಿದೆ" ಎಂಬ ಉತ್ತರ, ಮುಗುಳ್ನಗೆ, ಒಂದು ಲೋಟ ನೀರು, ನಮಸ್ಕಾರ. ಐದನೇ ದಿನ ನಾಲ್ಕನೇ ಅಂತಸ್ತಿನ ಅಜ್ಜಿಯ ಮನೆಯ ಮುಂದೆ ನಿಂತಳು. ಬಿಟ್ಟುಹೋದ ಎರಡು ಪ್ರಶ್ನೆ ಕೇಳುವುದಿತ್ತು. ಅವಳು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅಜ್ಜಿ ಎದುರುಮನೆಯ ಕಡೆ ಹೊರಟಿದ್ದರು, ಕೈಯಲ್ಲಿ ಕಸದ ಪೊಟ್ಟಣ. ಇವಳನ್ನು ಕಂಡವರೇ ಪೊಟ್ಟಣವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

"ಅವಳು ಬರಲಿಲ್ವಾ?" ಎಂದು ಇವಳ ಹೆಗಲಿನಾಚೆ ಇಣುಕಿ ಕೇಳಿದರು.

"ಇಲ್ಲ ಅಜ್ಜಿ. ನಾನೇ ಬಂದೆ. ಕಸದ ವಿಷಯ..."

"ಎಲ್ಲ ಸರಿಯಾಗಿದೆಯಮ್ಮ. ನಿಯಮ ಅಂದ್ರೆ ನಿಯಮ."

ಪೊಟ್ಟಣದಿಂದ ನೀರು ತೊಟ್ಟಿಕ್ಕಿ ಅಜ್ಜಿಯ ಹಿಮ್ಮಡಿಯ ಬಳಿ ಸಣ್ಣ ಮಡುವಾಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಇಬ್ಬರೂ ನೋಡದ ಹಾಗೆ ಇದ್ದರು. ಎಂಬತ್ತು ದಾಟಿದ ಹೆಂಗಸು ತನ್ನೆದುರು ಕದ್ದು ಸಿಕ್ಕಿಬಿದ್ದವಳ ಹಾಗೆ ಗೋಡೆಗೆ ಆತು ನಿಂತದ್ದು ಫಾರಂ ಅಕ್ಕನಿಗೆ ಸಹಿಸಲಾಗಲಿಲ್ಲ. ಫಾರಂ ತುಂಬದೆ ಮೆಟ್ಟಿಲಿಳಿದಳು.

ಮನೆಗೆ ಬಂದವಳು ಚೀಲ ಎಸೆಯಲಿಲ್ಲ. ಗಂಡ ಅದೇ ಅನುಮಾನಕ್ಕೆ ಯಂತ್ರ ನಿಲ್ಲಿಸಿದ.

"ರೀ, ಗಿರಾಕಿಗಳು ನಿಮ್ಮ ಹತ್ರ ಸುಳ್ಳು ಹೇಳ್ತಾರಾ?"

"ಬಾಯಲ್ಲಿ ಹೇಳಲ್ಲ. ಹೊಟ್ಟೆಯಲ್ಲಿ ಹೇಳ್ತಾರೆ," ಎಂದ ಅವನು. "ಟೇಪು ಸುತ್ತಿದ ತಕ್ಷಣ ಎಲ್ಲರೂ ಹೊಟ್ಟೆ ಎಳ್ಕೋತಾರೆ ಕಣೇ. ಆ ಅಳತೆಗೆ ಹೊಲಿದ್ರೆ ಪ್ಯಾಂಟು ನನ್ನ ಮುಖದ ಮೇಲೇ ವಾಪಸ್ ಬರುತ್ತೆ. ಅದಕ್ಕೇ ಏನಾದ್ರೂ ತಮಾಷೆ ಮಾಡಿ ನಗಿಸ್ತೀನಿ. ನಕ್ಕಾಗ ಹೊಟ್ಟೆ ಸಡಿಲ ಬಿಡ್ತಾರಲ್ಲ, ಆಗ ಅಳೀತೀನಿ."

ಅವಳು ಕುರ್ಚಿಯ ಮೇಲಿದ್ದ ಬಟ್ಟೆಯ ಚೂರುಗಳನ್ನೂ ಸರಿಸದೆ ಹಾಗೇ ಕೂತಳು. ಇಪ್ಪತ್ತೆರಡು ವರ್ಷ. ನೀರಿನ ಬಕೆಟ್ಟು, ಬಸ್ಸು, ವಯಸ್ಸಾದವರ ಮಾತು. ಎಷ್ಟು ಜನ ಅವಳ ಗುರುತಿನ ಚೀಟಿ ನೋಡಿ ಹೊಟ್ಟೆ ಎಳೆದುಕೊಂಡಿದ್ದರೋ! ಗಾಡಿಯಮ್ಮನ ಫಾರಂ ನಿಜವೆಂದರೆ ತನ್ನ ಫಾರಂಗಳ ಗತಿಯೇನು ಎಂಬ ಹೆದರಿಕೆ ಮೊದಲ ಶುಕ್ರವಾರದಿಂದಲೇ ತನ್ನೊಳಗೆ ಇತ್ತು. ತಾನು ಅದಕ್ಕೆ ಗಾಡಿಯಮ್ಮನ ಅಕ್ಷರ, ಗಾಡಿಯಮ್ಮನ ನಗು, ಗಾಡಿಯಮ್ಮನ ಕುರ್ಚಿ ಎಂದೆಲ್ಲ ಹೆಸರಿಟ್ಟಿದ್ದೆ ಎಂದು ಅವಳಿಗೆ ತಿಳಿಯಿತು. ತಿಳಿದದ್ದರಿಂದ ಉರಿ ಕಡಿಮೆಯೇನೂ ಆಗಲಿಲ್ಲ.

ಮರುದಿನ ನಿರ್ದೇಶಕಿ ಬಾಗಿಲ ಬೀಗ ತೆಗೆಯುವ ಹೊತ್ತಿಗೆ ಅವಳು ಅಲ್ಲಿ ನಿಂತಿದ್ದಳು.

"ಆ ಹನ್ನೆರಡು ಫಾರಂಗಳಲ್ಲಿ ಕೊನೇ ಕಾಲಂ ಖಾಲಿ ಬಿಟ್ಟಿದ್ದೀನಿ ಮೇಡಂ. ಮರೆತದ್ದಲ್ಲ. ಬೇಕಂತಲೇ."

ನಿರ್ದೇಶಕಿ ಕೀಲಿಕೈ ಹಿಡಿದುಕೊಂಡೇ ನಿಂತರು. "ಕಂಡದ್ದೇನು?"

"ಈರುಳ್ಳಿ. ಛತ್ರಿ. ಚೀಟಿ ಕೀಳದ ಬುಟ್ಟಿ. ಅವಳು ಬರೆದದ್ದೆಲ್ಲ ನಿಜ. ಈಗ ನನ್ನ ನೆನಪಿನ ಮೇಲೆ ನಾನೇ ತುಂಬಿದ್ರೆ ನೀವು ನಂಬಬಾರದು. ಬೇರೆ ಯಾರನ್ನಾದ್ರೂ ಕಳಿಸಿ."

"ಯಾಕೆ ಅಕ್ಕಾ?"

ಕಾರಣ ಹುಡುಕುತ್ತಾ ಅವಳು ಮೂರೂವರೆ ಕಿಲೋಮೀಟರು ನಡೆದು ಬಂದಿದ್ದಳು. ಮರ್ಯಾದೆಯ ಕಾರಣ ಒಂದೂ ಸಿಕ್ಕಿರಲಿಲ್ಲ. "ಹೊಟ್ಟೆಕಿಚ್ಚು ಮೇಡಂ," ಎಂದಳು.

ನಿರ್ದೇಶಕಿ ಬೀಗ ತೆಗೆದು ಕೀಲಿಕೈಯನ್ನು ಚೀಲಕ್ಕೆ ಹಾಕಿಕೊಂಡರು. ಫಾರಂ ಅಕ್ಕ ಮನಸ್ಸಿನಲ್ಲಿ ಐದರವರೆಗೆ ಎಣಿಸಿದಳು, ಹತ್ತರವರೆಗೆ ಎಣಿಸಿದಳು. ಕೊನೆಗೆ ಅವರು ಹೇಳಿದರು: "ಇದರ ಅರ್ಥ ಗೊತ್ತಲ್ಲ? ನಿಮ್ಮ ಮೊದಲ ಸುತ್ತನ್ನೂ ಪಕ್ಕಕ್ಕಿಡಬೇಕು. ಹಳೆಯ ಕೆಲವು ಸಮೀಕ್ಷೆಗಳನ್ನೂ ಮತ್ತೆ ನೋಡಬೇಕಾಗುತ್ತೆ."

"ಗೊತ್ತು."

ಲೆಕ್ಕದ ಕೋಣೆಯಿಂದ ಇಬ್ಬರು ಹೋಗಿ ಹನ್ನೆರಡು ಮನೆ ನೋಡಿ ಬಂದರು. ಗಾಡಿಯಮ್ಮ ಬರೆದದ್ದರಲ್ಲಿ ಹನ್ನೊಂದು ಸರಿಯಿತ್ತು. ಹನ್ನೆರಡನೇ ಮನೆಯವರು ನಾಚಿಕೆಯಾಗಿ ಈ ನಡುವೆ ಬೇರ್ಪಡಿಸಲು ಶುರುಮಾಡಿದ್ದರು. ಫಾರಂ ಅಕ್ಕನ ತಪಾಸಣೆಯ ಅಧಿಕಾರ ಹೋಯಿತು. ಇನ್ನು ಮುಂದೆ ಗಾಡಿಯಮ್ಮ ಕೇಳುವುದು, ಅಕ್ಕ ಪಕ್ಕದಲ್ಲಿ ನಿಂತು ಬರೆಯುವುದು ಎಂದಾಯಿತು. ಎಲ್ಲಕ್ಕೂ ಮೊದಲು ಗಾಡಿಯಮ್ಮನ ಮನೆಗೆ ಹೋಗಿ ನಡೆದದ್ದನ್ನು ತಾನೇ ಹೇಳಿ ಕರೆದು ತರಬೇಕೆಂದರು ನಿರ್ದೇಶಕಿ.

ಗಾಡಿಯಮ್ಮನ ಮನೆ ಒಂದು ಗ್ಯಾರೇಜಿನ ಹಿಂದಿತ್ತು, ಒಂದೇ ಕೋಣೆ. ಹೊರಗೆ ಹಗ್ಗದ ಮೇಲೆ ಬಟ್ಟೆ ಹರವುತ್ತಿದ್ದಳು. ಫಾರಂ ಅಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮಾತು ಮುಗಿಯುವವರೆಗೆ ಗಾಡಿಯಮ್ಮ ಒಂದೇ ಅಂಗಿಯನ್ನು ಹಿಂಡುತ್ತಿದ್ದಳು, ಅದರಲ್ಲಿ ಒಂದು ಹನಿ ನೀರೂ ಉಳಿದಿರಲಿಲ್ಲ.

"ಒಂಬತ್ತು ದಿನ," ಎಂದಳು. "ಒಂಬತ್ತು ದಿನ ನನ್ನ ಅಕ್ಷರ ನೋಡಿ ನಾನೇ ನಾಚ್ಕೊಂಡಿದ್ದೀನಿ. ಮಗಳ ಹತ್ರ ಕೂತು ಮತ್ತೆ ಅ, ಆ ಅಂತ ತಿದ್ದಿದ್ದೀನಿ. ಕಸ ಅಂತ ಮೂಗು ಮುಚ್ಕೊಂಡೋರನ್ನ ತುಂಬಾ ನೋಡಿದ್ದೀನಿ ಅಕ್ಕಾ. ಅವರು ಮುಖಕ್ಕೆ ಹೇಳ್ತಾರೆ. ನೀವು ಕಾಗದದಲ್ಲಿ ಮಾಡಿದ್ರಿ."

"ತಪ್ಪಾಯ್ತು."

"ಆಯ್ತು ಅಂತ ನನಗೂ ಗೊತ್ತು," ಎಂದು ಗಾಡಿಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಕೆಲಸಕ್ಕೆ ಬಂದಳು. ಆದರೆ ಕ್ಷಮಿಸಲು ಬಂದವಳಲ್ಲ. ಒಂದೂವರೆ ತಿಂಗಳು ಅವರಿಬ್ಬರ ನಡುವೆ "ಪ್ರಶ್ನೆ ಹನ್ನೊಂದು", "ಬರೆದೆ", "ಮುಂದಿನ ಮನೆ" ಇಷ್ಟೇ ಮಾತು. ಗಾಡಿಯಮ್ಮ ಒಳಗೆ ನಗುತ್ತಾ ಕೇಳುವಳು, ಫಾರಂ ಅಕ್ಕ ಬಾಗಿಲಲ್ಲಿ ನಿಂತು ಬರೆಯುವಳು. ಮನೆಯವರು ತನ್ನ ಮುಖ ನೋಡದೆ ಗಾಡಿಯಮ್ಮನ ಮುಖ ನೋಡಿ ಹೇಳುವ ಪ್ರತಿಯೊಂದು ನಿಜವೂ ಅವಳಿಗೆ ಚುಚ್ಚುತ್ತಿತ್ತು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಕೊನೆಯ ಕಾಲಂಗೆ ಜಾಗ ಸಾಲದೆ ಹಾಳೆಯ ಬೆನ್ನಿಗೂ ಬರೆಯುತ್ತಿದ್ದಳು.

ಬರೆದದ್ದು ವ್ಯರ್ಥವಾಗಲಿಲ್ಲ. ಪಾಳಿಯ ಕೆಲಸಕ್ಕೆ ಹೋಗುವವರು ಆರರಿಂದ ಏಳರೊಳಗೆ ಮನೆಯಲ್ಲೇ ಇರುವುದಿಲ್ಲ. ಬಾಡಿಗೆಯವರನ್ನು ಮೀಟಿಂಗಿಗೆ ಕರೆಯುವುದೇ ಇಲ್ಲ. ಕಣ್ಣು ಕಾಣದ ಒಬ್ಬರಿಗೆ ಹಸಿರು ಯಾವುದು ನೀಲಿ ಯಾವುದು ಎಂದು ಯಾರೂ ಯೋಚಿಸಿರಲಿಲ್ಲ. ನಿಯಮ ಮುರಿದವರಲ್ಲಿ ಹೆಚ್ಚಿನವರು ನಿಯಮ ಮಾಡಿದಾಗ ಕೋಣೆಯಲ್ಲೇ ಇರಲಿಲ್ಲ. ವರದಿ ಹೋದ ಮೇಲೆ ಮೀಟಿಂಗು ತಾರಸಿಯಿಂದ ನೆಲಮಹಡಿಗೆ ಇಳಿಯಿತು. ಪ್ರತಿ ಅಂತಸ್ತಿಗೂ ಒಂದು ಜೊತೆ ದೊಡ್ಡ ಬುಟ್ಟಿ ಬಂತು, ಹಸಿ ಕಸದ್ದಕ್ಕೆ ಕೈಗೆ ತಿಳಿಯುವ ಹಾಗೆ ಹಗ್ಗದ ಹಿಡಿ. ಸಂಜೆಯೂ ಒಮ್ಮೆ ಕಸ ಒಯ್ಯತೊಡಗಿದರು. ವರದಿಯ ಮೊದಲ ಪುಟದಲ್ಲಿ ಗಾಡಿಯಮ್ಮನ ಹೆಸರಿತ್ತು. ಫಾರಂ ಅಕ್ಕನದು ಕೊನೆಯ ಟಿಪ್ಪಣಿಯಲ್ಲಿ ಬಂತು: ಕೇಳುವವರು ಯಾರೆಂಬುದರ ಮೇಲೆ ಉತ್ತರ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ. ಹೆಸರು ಹಾಕಲೇ ಎಂದು ನಿರ್ದೇಶಕಿ ಕೇಳಿದಾಗ, "ಹಾಕಿ. ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ಅಚ್ಚಾಗ್ತಿದೆ," ಎಂದು ಅವಳೇ ಹೇಳಿದ್ದಳು. ಹೇಳಿ ಕಕ್ಕಸುಕೋಣೆಗೆ ಹೋಗಿ ಮುಖ ತೊಳೆದುಕೊಂಡಿದ್ದಳು.

ಮುಂದಿನ ಸಮೀಕ್ಷೆ ನಗರದ ಇನ್ನೊಂದು ಕಡೆ, ನೀರಿನ ಬಳಕೆಯದು. ತಂಡದ ಮುಖ್ಯಸ್ಥೆ ಗಾಡಿಯಮ್ಮ. ದೊಡ್ಡ ಮನೆಗಳ ಆ ಬೀದಿಯಲ್ಲಿ ಕಿಟಕಿಯಿಂದ ಕೂಗುವವರು ಯಾರೂ ಇರಲಿಲ್ಲ. ಮೂರನೇ ಮನೆ ಒಬ್ಬ ವಕೀಲರದು. ಗಾಡಿಯಮ್ಮ ಬೆಲ್ ಒತ್ತಿದಳು. ಬಾಗಿಲು ತೆರೆದ ವಕೀಲರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಕೆಲಸದವಳು ಬೇಡ, ಇದ್ದಾಳೆ," ಎಂದರು. ಆಮೇಲೆ ಹಿಂದಿದ್ದ ಫಾರಂ ಅಕ್ಕನ ಪ್ಯಾಡು, ಕನ್ನಡಕ ಕಂಡು ದನಿ ಬದಲಿಸಿದರು. "ಓ, ಸಂಸ್ಥೆಯಿಂದ ಬಂದ್ರಾ? ನೀವು ಬನ್ನಿ ಮೇಡಂ, ಒಳಗೆ ಬನ್ನಿ. ಇವಳು ಹೊರಗಿರಲಿ."

ಗಾಡಿಯಮ್ಮನ ಮುಖದಿಂದ ನಗು ಹೋಯಿತು. ಆ ಮುಖ ಫಾರಂ ಅಕ್ಕನಿಗೆ ಗೊತ್ತಿತ್ತು. ಕಾಪಿ ಪುಸ್ತಕ ಹಿಡಿದು ಬಂದ ದಿನದ ಮುಖ. ಒಳಗೆ ಹೋದರೆ ಈ ಮನೆಯ ಫಾರಂ ತನ್ನದಾಗುತ್ತದೆ. ಈ ಬೀದಿಯೆಲ್ಲ ತನ್ನದಾಗುತ್ತದೆ. ಆ ಆಸೆ ಒಂದು ಕ್ಷಣ ಎದೆಯಲ್ಲಿ ಚುರುಕ್ಕೆಂದದ್ದು ನಿಜ.

"ಇವರು ನಮ್ಮ ಮುಖ್ಯ ಸಂಶೋಧಕಿ ಸಾರ್," ಎಂದಳು. "ಪ್ರಶ್ನೆ ಕೇಳೋದು ಇವರು. ನಾನು ಬರೆಯೋಳು. ಇವರು ಹೊರಗಿದ್ರೆ ನನಗೆ ಒಳಗೆ ಕೆಲಸ ಇಲ್ಲ."

ವಕೀಲರು ಒಂದು ಗಳಿಗೆ ಇಬ್ಬರನ್ನೂ ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಗಾಡಿಯಮ್ಮ ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟಳು, ಇಟ್ಟು ಹಿಂದೆ ತಿರುಗಿದಳು.

"ಬನ್ನಿ ಅಕ್ಕಾ," ಎಂದಳು. ಕೆಲಸದ ಹೊರಗಿನ ಮಾತು ಅದೊಂದೇ, ಎಷ್ಟೋ ದಿನಗಳ ಮೇಲೆ. "ಇವತ್ತು ಕೂತ್ಕೊಂಡೇ ಬರೀರಿ."